ಉಭಯ ಲೋಕಾಧೀಶ್ವರನ ಕೊನೆಯ ಮಳೆಗಾಲ

ಕಿತ್ತೂರು ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು 1824ರ ಅಕ್ಟೋಬರ್ 23. ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಪ್ರಾಣ ಕಳೆದುಕೊಂಡ ದಿನವದು. ಆದರೆ ಅದಕ್ಕೂ 24 ವರ್ಷ ಮೊದಲು, ಚೆನ್ನಮ್ಮನ ಪತಿ ಮಲ್ಲಸರ್ಜ ದೇಸಾಯಿ ಕಿತ್ತೂರನ್ನು ಆಳುತ್ತಿದ್ದ ಕಾಲದಲ್ಲಿ, ಅದೇ ಊರಿನ ಆಸುಪಾಸಿನಲ್ಲಿ ಮತ್ತೊಂದು ಕಾಳಗ ನಡೆದಿತ್ತು. ಕೋಟೆಯಿಲ್ಲ, ಮುತ್ತಿಗೆಯಿಲ್ಲ, ಬಯಲಿನಲ್ಲಿ ಕುದುರೆಗಳು ಕುದುರೆಗಳ ಮೇಲೆ ಬಿದ್ದ ಕಾಳಗ. ದಿನ 1800ರ ಜೂನ್ 30. ಈಸ್ಟ್ ಇಂಡಿಯಾ ಕಂಪನಿಯ ಸೇನೆ ತುಂಗಭದ್ರೆಯನ್ನು ದಾಟಿ ಯುದ್ಧ ಆರಂಭಿಸಿ ಇನ್ನೂ ಒಂದು ವಾರವಾಗಿತ್ತಷ್ಟೆ.

ಅಂದು ಗೆದ್ದವನು ಧೋಂಡಿಯ ವಾಘ್. ಬಿದ್ದವನು ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ. ಆ ಗೆಲುವಿನ ಸುದ್ದಿ ಘಟಪ್ರಭೆಯ ಕಡೆಯ ಗೋಕಾಕ, ಮೇಲವಂಕಿಗಳ ಸೀಮೆಯಿಂದ ತುಂಗಭದ್ರೆಯ ದಂಡೆಯ ಹರಿಹರದವರೆಗೆ ಜನರ ಬಾಯಲ್ಲಿ ಹರಿದಾಡುವಂಥದ್ದು. ಆದರೆ ಗೆದ್ದವನ ಆಯುಷ್ಯದಲ್ಲಿ ಉಳಿದಿದ್ದುದು ಕೇವಲ 72 ದಿನ. ಯಾವ ಗೆಲುವು ಆತನನ್ನು ಕೀರ್ತಿಯ ತುತ್ತತುದಿಗೆ ಏರಿಸಿತೋ ಅದೇ ಗೆಲುವು ಆತನ ಬೆನ್ನ ಹಿಂದೆ ಬಿಡದ ವೈರಿಗಳನ್ನೂ ನಿಲ್ಲಿಸಿತು.

ಚನ್ನಗಿರಿಯ ಹುಡುಗ

ಧೋಂಡಿಯ ಹುಟ್ಟಿದ್ದು ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಪವಾರ ಎಂಬ ಮರಾಠಾ ಮನೆತನದಲ್ಲಿ. ಹುಟ್ಟಿದ ವರ್ಷ ದಾಖಲಾಗುವಂಥ ದೊಡ್ಡ ಮನೆತನ ಅದಾಗಿರಲಿಲ್ಲ. ಹೈದರ್ ಅಲಿಯ ಕಾಲದಲ್ಲಿ ಮೈಸೂರಿನ ಅಶ್ವದಳ ಸೇರಿದ. ಕುದುರೆಯ ಮೇಲೆ ಆತ ತೋರುತ್ತಿದ್ದ ಸಾಹಸಕ್ಕಾಗಿ ಹುಲಿ ಎಂಬರ್ಥದ ವಾಘ್ ಎಂಬ ಹೆಸರು ಅಂಟಿಕೊಂಡಿತು. ಮನೆತನದ ಹೆಸರು ಮರೆಯಾಗಿ ಬಿರುದೇ ಉಳಿಯಿತು.

ಆ ಕಾಲದ ಕುದುರೆ ಸವಾರನ ಬದುಕನ್ನು ಅರಿತುಕೊಳ್ಳದೆ ಧೋಂಡಿಯನ ಬದುಕು ಅರ್ಥವಾಗುವುದಿಲ್ಲ. ಅಂದಿನ ಸೇನೆಗಳಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರ ಅಥವಾ ಸರದಾರ ಕೊಟ್ಟ ಕುದುರೆಯನ್ನು ಏರುವವನು ಬಾರ್ಗೀರ. ಸ್ವಂತ ಕುದುರೆ, ಸ್ವಂತ ಆಯುಧಗಳೊಂದಿಗೆ ಬಂದು ಸಂಬಳಕ್ಕೆ ನಿಲ್ಲುವವನು ಸಿಲ್ಲೇದಾರ. ಸಿಲ್ಲೇದಾರನ ಪಾಲಿಗೆ ಕುದುರೆಯೇ ಹೊಲ, ಕುದುರೆಯೇ ಬಂಡವಾಳ. ಅದು ಸತ್ತರೆ ಆತ ಅಂದೇ ನಿರ್ಗತಿಕ. ಹೀಗಾಗಿ ಸಂಬಳ ಕೊಡುವ ಧಣಿ ಸೋತಾಗ ಅಥವಾ ಸಂಬಳ ನಿಲ್ಲಿಸಿದಾಗ ಸಿಲ್ಲೇದಾರನ ಮುಂದೆ ಇದ್ದ ದಾರಿಗಳು ಎರಡೇ: ಮತ್ತೊಬ್ಬ ಧಣಿಯನ್ನು ಹುಡುಕುವುದು, ಇಲ್ಲವೇ ಕುದುರೆಯ ಹೊಟ್ಟೆಯನ್ನು ಲೂಟಿಯಿಂದ ತುಂಬಿಸುವುದು. ಧೋಂಡಿಯ ತನ್ನ ಬದುಕಿನಲ್ಲಿ ಈ ಎರಡೂ ದಾರಿಗಳಲ್ಲಿ ಹಲವು ಸಲ ನಡೆದ.

1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಹಿನ್ನಡೆಯಾಯಿತು. ಆ ಗೊಂದಲದಲ್ಲಿ ಧೋಂಡಿಯ ಮೈಸೂರಿನ ಸೇವೆ ಬಿಟ್ಟು, ಕೈಗೆ ಸಿಕ್ಕಷ್ಟನ್ನು ಹೊತ್ತು ಉತ್ತರಕ್ಕೆ ಸರಿದ. ಲಕ್ಷ್ಮೇಶ್ವರದ ಸೀಮೆಯಲ್ಲಿ ನೆಲೆನಿಂತು ಸವಾರರನ್ನು ಕೂಡಿಸಿಕೊಂಡ. 1793ರಲ್ಲಿ ಹಾವೇರಿ, ಸವಣೂರುಗಳ ಸುತ್ತ ಆತನ ಹಾವಳಿ ಜೋರಾಯಿತು. ಆಗ ಆ ಪ್ರದೇಶ ಮರಾಠರ ಕೈಯಲ್ಲಿತ್ತು. ಪೇಶ್ವೆಯ ಪರವಾಗಿ ಆತನನ್ನು ಹತ್ತಿಕ್ಕಲು ಬಂದವನು ಧೋಂಡೋಪಂತ ಗೋಖಲೆ. ಗೋಖಲೆಯ ಪಡೆಯ ಎದುರು ಧೋಂಡಿಯ ನಿಲ್ಲಲಾಗಲಿಲ್ಲ. ಈ ಇಬ್ಬರ ನಡುವಿನ ಹಗೆ ಮೊಳೆತದ್ದು ಅಲ್ಲಿಯೇ.

ಸರಪಳಿಯ ಐದು ವರ್ಷ

ಓಡಲು ಉಳಿದಿದ್ದುದು ಹಳೆಯ ಧಣಿಯ ಕಡೆಗೆ ಮಾತ್ರ. 1794ರಲ್ಲಿ ಧೋಂಡಿಯ ಸುಮಾರು ಇನ್ನೂರು ಸವಾರರೊಂದಿಗೆ ಶ್ರೀರಂಗಪಟ್ಟಣಕ್ಕೆ ಮರಳಿ ಟಿಪ್ಪುವಿನ ಆಶ್ರಯ ಬೇಡಿದ. ಟಿಪ್ಪು ಮೊದಲು ಸ್ವಾಗತಿಸಿದನಾದರೂ ವಿಶ್ವಾಸ ಬಹುಕಾಲ ಉಳಿಯಲಿಲ್ಲ. ಧೋಂಡಿಯನನ್ನು ಇಸ್ಲಾಂಗೆ ಮತಾಂತರಿಸಲಾಯಿತು. ಶೇಖ್ ಅಹಮದ್, ಮಲಿಕ್ ಜಹಾನ್ ಖಾನ್ ಎಂಬ ಹೆಸರುಗಳು ದೊರೆತವು. ಕೊನೆಗೆ ಕಾಲಿಗೆ ಬೇಡಿಯೂ ಬಿತ್ತು. ಬಯಲಿನಲ್ಲಿ ದಿನಕ್ಕೆ ಹತ್ತಾರು ಹರದಾರಿ ಓಡಿದ ಸವಾರ ಶ್ರೀರಂಗಪಟ್ಟಣದ ಸೆರೆಯಲ್ಲಿ ವರ್ಷಗಳನ್ನು ಎಣಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಕೋಟೆಯ ಬಾಗಿಲಲ್ಲೇ ಹೋರಾಡುತ್ತ ಮಡಿದ. ಊರು ಲೂಟಿಯಾಗುತ್ತಿದ್ದ ಆ ಗದ್ದಲದ ನಡುವೆ ಸುಲ್ತಾನನ ಕೈದಿಗಳಿಗೆ ಬಿಡುಗಡೆ ದೊರೆಯಿತು. ಸುಲ್ತಾನನ ವೈರಿಗಳಾದ ಕೈದಿಗಳೆಲ್ಲ ತಮ್ಮ ಮಿತ್ರರೆಂದು ಇಂಗ್ಲಿಷರು ಭಾವಿಸಿರಬೇಕು. ಬೇಡಿ ಕಳಚಿಕೊಂಡ ಧೋಂಡಿಯ ಅವರಿಗೆ ಕೈಮುಗಿಯಲು ನಿಲ್ಲದೆ ಉತ್ತರದ ದಾರಿ ಹಿಡಿದ.

ಆತನಿಗಾಗಿ ಒಂದು ಸೇನೆ ಸಿದ್ಧವಾಗಿಯೇ ಇತ್ತು. ಟಿಪ್ಪುವಿನ ರಾಜ್ಯ ಹೋದಂತೆ ಆತನ ಸೈನ್ಯವೂ ಚದುರಿತ್ತು. ಸಾವಿರಾರು ಸವಾರರು ಸಂಬಳವಿಲ್ಲದೆ, ಧಣಿಯಿಲ್ಲದೆ ಊರೂರು ಅಲೆಯುತ್ತಿದ್ದರು. ಹೊಸದಾಗಿ ಪಟ್ಟಕ್ಕೆ ಬಂದಿದ್ದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ದಿವಾನ್ ಪೂರ್ಣಯ್ಯ ಅವರಲ್ಲಿ ಕೆಲವರನ್ನಷ್ಟೆ ಕೆಲಸಕ್ಕೆ ತೆಗೆದುಕೊಳ್ಳಬಲ್ಲವನಾಗಿದ್ದ. ಉಳಿದವರಿಗೆ ಧೋಂಡಿಯನ ಹಸಿರು ನಿಶಾನೆಯೋ ಕೇಸರಿ ನಿಶಾನೆಯೋ ಎಂಬುದು ಮುಖ್ಯವಾಗಿರಲಿಲ್ಲ. ಕುದುರೆಗೆ ಹುರುಳಿ, ತಮಗೆ ಅನ್ನ ಕೊಡುವವನು ಬೇಕಾಗಿತ್ತು. ಕೆಲವೇ ವಾರಗಳಲ್ಲಿ ಬಿದನೂರು, ಶಿಕಾರಿಪುರದ ಸೀಮೆ ಧೋಂಡಿಯನ ಕೈವಶವಾಯಿತು.

ಕಂಪನಿ ಸರ್ಕಾರ ಕರ್ನಲ್ ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್ ಅವರ ಪಡೆಗಳನ್ನು ಕಳುಹಿಸಿತು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರ ಕೈತಪ್ಪಿ, ಧೋಂಡಿಯ ಗಡಿ ದಾಟಿ ಮರಾಠರ ಸೀಮೆಗೆ ನುಗ್ಗಿದ. ಇಂಗ್ಲಿಷ್ ಸೇನೆಗೆ ಗಡಿ ದಾಟುವ ಅಪ್ಪಣೆ ಇರಲಿಲ್ಲ. ಆದರೆ ಗಡಿಯಾಚೆ ಧೋಂಡೋಪಂತ ಗೋಖಲೆ ಕಾದಿದ್ದ. ಒಂದೇ ದಾಳಿಯಲ್ಲಿ ಧೋಂಡಿಯನ ಆನೆ, ಒಂಟೆ, ತೋಪುಗಳೆಲ್ಲ ಗೋಖಲೆಯ ಪಾಲಾದವು. ಆರು ವರ್ಷಗಳಲ್ಲಿ ಇದು ಆತನಿಂದ ಧೋಂಡಿಯ ತಿಂದ ಎರಡನೆಯ ಪೆಟ್ಟು. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುವೆನೆಂದು ಧೋಂಡಿಯ ಶಪಥ ಮಾಡಿದನೆಂಬ ಕಥೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಧಣಿಯಿಲ್ಲದ ನಾಡು

ಪೆಟ್ಟು ತಿಂದ ಹುಲಿಗೆ ಚೇತರಿಸಿಕೊಳ್ಳಲು ಕಾಲವೇ ನೆರವಾಯಿತು. ಕೃಷ್ಣೆಗೂ ತುಂಗಭದ್ರೆಗೂ ನಡುವಣ ನಾಡು ಆಗ ಹೆಸರಿಗೆ ಪೇಶ್ವೆಯದು, ನಿಜದಲ್ಲಿ ಯಾರದೂ ಅಲ್ಲ. ದಕ್ಷಿಣ ಮಹಾರಾಷ್ಟ್ರದ ಬಲಿಷ್ಠ ಸರದಾರ ಪರಶುರಾಮಭಾವು ಪಟವರ್ಧನ 1799ರ ಸೆಪ್ಟೆಂಬರ್‌ನಲ್ಲಿ ಕೊಲ್ಲಾಪುರದವರೊಡನೆ ನಡೆದ ಯುದ್ಧದಲ್ಲಿ ಮಡಿದ. 1800ರ ಮಾರ್ಚ್ 13ರಂದು ಪುಣೆಯಲ್ಲಿ ನಾನಾ ಫಡ್ನವೀಸ ತೀರಿಕೊಂಡ. ಎರಡನೆಯ ಬಾಜೀರಾವ್ ಪೇಶ್ವೆಯ ಗಮನವೆಲ್ಲ ಪುಣೆಯ ಒಳಜಗಳಗಳ ಮೇಲಿತ್ತು. ಈ ತೆರವಿನಲ್ಲಿ ಧೋಂಡಿಯನ ಸುತ್ತ ಮತ್ತೆ ಸವಾರರು ಮುತ್ತಿಕೊಂಡರು. ಟಿಪ್ಪುವಿನ ಹಳೆಯ ಸೈನಿಕರು, ಪಟವರ್ಧನರ ಯುದ್ಧದಿಂದ ಕೆಲಸ ಕಳೆದುಕೊಂಡ ಮರಾಠರು, ಪಿಂಡಾರಿಗಳು, ಪಠಾಣರು, ಕಂಪನಿಯ ಕೈಗೆ ಸಿಕ್ಕದೆ ಉಳಿದ ಪಾಳೆಯಗಾರರ ಕಡೆಯವರು, ಎಲ್ಲರಿಗೂ ಅಲ್ಲಿ ಜಾಗವಿತ್ತು.

1800ರ ಬೇಸಿಗೆಯ ಹೊತ್ತಿಗೆ ಡಂಬಳ, ಗದಗ, ಸವದತ್ತಿಗಳ ಸುತ್ತಣ ಕೋಟೆಗಳ ಮೇಲೆ ಧೋಂಡಿಯನ ನಿಶಾನೆ ಹಾರುತ್ತಿತ್ತು. ಆತ ತನ್ನನ್ನು ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡ. ಇಹಪರಗಳೆರಡರ ಒಡೆಯ ಎಂಬ ಈ ಬಿರುದನ್ನು ಇಂಗ್ಲಿಷ್ ಅಧಿಕಾರಿಗಳು ತಮ್ಮ ಪತ್ರಗಳಲ್ಲಿ ಗೇಲಿಯ ವಸ್ತುವಾಗಿಸಿಕೊಂಡರು. ಆದರೆ ಗೇಲಿಯ ಕೆಳಗೆ ಭಯವೂ ಇತ್ತು. ಟಿಪ್ಪು ಸತ್ತು ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ. ಯೂರೋಪಿನಲ್ಲಿ ನೆಪೋಲಿಯನ್‌ನೊಡನೆ ಯುದ್ಧ ನಡೆದಿತ್ತು. ಮೈಸೂರಿನ ಗಡಿಯಲ್ಲಿ ಹತ್ತಾರು ಸಾವಿರ ಸವಾರರನ್ನು ಕೂಡಿಸಬಲ್ಲ ವ್ಯಕ್ತಿಯೊಬ್ಬ ನೆಲೆಯೂರಿದರೆ ಹೊಸ ವ್ಯವಸ್ಥೆಯೇ ಕುಸಿಯಬಹುದೆಂಬ ಚಿಂತೆ ಕಂಪನಿಯನ್ನು ಕಾಡಿತು.

ಶ್ರೀರಂಗಪಟ್ಟಣದ ಆಡಳಿತ ಆಗ 31 ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಗವರ್ನರ್ ಜನರಲ್‌ನ ತಮ್ಮ. ಡಚ್ಚರ ಬಟಾವಿಯಾದ ಮೇಲೆ ಸಾಗುವ ದಂಡಯಾತ್ರೆಯ ನಾಯಕತ್ವ ಆತನಿಗೆ ಬಂದಿತ್ತು. ಲಾಭವೂ ಕೀರ್ತಿಯೂ ತರುವ ಆ ಅವಕಾಶವನ್ನು ಬಿಟ್ಟು ಆತ ಧೋಂಡಿಯನ ಬೇಟೆಯನ್ನೇ ಆರಿಸಿಕೊಂಡ. ಈ ಸಲ ಮರಾಠರ ಸೀಮೆಯೊಳಕ್ಕೆ ನುಗ್ಗಲು ಪುಣೆಯ ಒಪ್ಪಿಗೆಯೂ ದೊರೆತಿತ್ತು. ಸಿಕ್ಕಲ್ಲೇ ಧೋಂಡಿಯನನ್ನು ನೇಣಿಗೆ ಹಾಕಬೇಕೆಂಬ ಆಜ್ಞೆ ಮದರಾಸಿನಿಂದ ಬಂದಿತು. ಒಬ್ಬ ದೊರೆಯೊಡನೆ ಯುದ್ಧ ಎಂದು ಒಪ್ಪಿಕೊಳ್ಳಲು ಕಂಪನಿ ಸಿದ್ಧವಿರಲಿಲ್ಲ. ಅದರ ಕಾಗದಗಳಲ್ಲಿ ಧೋಂಡಿಯ ಕೇವಲ ದರೋಡೆಕಾರ.

ಕಿತ್ತೂರಿನ ಬಯಲು

ಮುಂಗಾರು ಶುರುವಾದ ಮೇಲೆ ದಂಡು ಹೊರಡುವುದು ನಮ್ಮ ನಾಡಿನ ಯುದ್ಧಪದ್ಧತಿಗೆ ಹೊಸತು. ದಸರೆ ಮುಗಿದು, ನದಿಗಳು ಇಳಿದು, ಹೊಲಗಳು ಒಣಗಿದ ಬಳಿಕ ಸೇನೆಗಳು ಹೊರಡುವುದು ವಾಡಿಕೆ. ವೆಲ್ಲೆಸ್ಲಿ ತಿರುವುಮುರುವಾಗಿ ಯೋಚಿಸಿದ. ನದಿಗಳು ತುಂಬಿ ಹರಿದರೆ ಹಗುರವಾಗಿ ಓಡಾಡುವ ಸವಾರರಿಗೆ ದಾರಿ ಕಟ್ಟುತ್ತದೆ. ಹರಿಗೋಲುಗಳನ್ನು ಜೊತೆಗೆ ಒಯ್ಯುವ ಸೇನೆಗೆ ಕಟ್ಟುವುದಿಲ್ಲ. ಕಣ್ಣಿಗೆ ಕಾಣದ ಮತ್ತೊಂದು ಸಿದ್ಧತೆಯೂ ಇತ್ತು. ಅಕ್ಕಿ, ಹುರುಳಿಗಳನ್ನು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ಸೇನೆಯ ಹಿಂದೆ ಸಾಗುವ ಲಂಬಾಣಿ ತಾಂಡಾಗಳು ಆತನ ದಂಡಿನ ಬೆನ್ನೆಲುಬಾಗಿದ್ದವು. ಮೈಸೂರಿನಿಂದ ದವಸ, ಎತ್ತು, ಸವಾರರನ್ನು ಒದಗಿಸುವ ಹೊಣೆಯನ್ನು ಪೂರ್ಣಯ್ಯ ಹೊತ್ತಿದ್ದ.

ಜೂನ್ 24ರ ಹೊತ್ತಿಗೆ ಸೇನೆ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತು. 27ರಂದು ರಾಣೆಬೆನ್ನೂರು ಕೋಟೆಯಿಂದ ಗುಂಡು ಹಾರಿದ ಕೂಡಲೇ ಏಣಿ ಹಾಕಿ ಹತ್ತಿ ವಶಪಡಿಸಿಕೊಂಡಿತು. ಒಳಗಿದ್ದವರಲ್ಲಿ ಬದುಕುಳಿದವರು ಕೆಲವರೇ. ಮುಂದೆ ವರದಾ ನದಿ ಉಕ್ಕಿ ಹರಿಯುತ್ತಿದ್ದುದರಿಂದ ದಂಡು ಹಾವೇರಿಯ ಬಳಿ ತಡೆದು ನಿಲ್ಲಬೇಕಾಯಿತು.

ಇತ್ತ ಉತ್ತರದಿಂದ ವೆಲ್ಲೆಸ್ಲಿಯನ್ನು ಕೂಡಿಕೊಳ್ಳಬೇಕಾಗಿದ್ದ ಧೋಂಡೋಪಂತ ಗೋಖಲೆ ಕಿತ್ತೂರಿನ ಕಡೆಗೆ ಬಂದಿದ್ದ. ಇಬ್ಬರೂ ಕೂಡಿದರೆ ತನಗೆ ಉಳಿಗಾಲವಿಲ್ಲವೆಂದು ಧೋಂಡಿಯ ಬಲ್ಲ. ವರದೆಯ ಪ್ರವಾಹ ವೆಲ್ಲೆಸ್ಲಿಯನ್ನು ಹಿಡಿದಿಟ್ಟ ಆ ಕೆಲವೇ ದಿನಗಳು ಆತನಿಗೆ ಸಿಕ್ಕ ಅವಕಾಶ. ಎರಡು ಸೇನೆಗಳ ನಡುವೆ ನುಸುಳಿ, ಜೂನ್ 30ರಂದು ತನ್ನ ದೊಡ್ಡ ಅಶ್ವಬಲವನ್ನೆಲ್ಲ ಗೋಖಲೆಯ ಮೇಲೆ ಬಿಟ್ಟ.

ಕಿತ್ತೂರಿನ ಪೂರ್ವಕ್ಕೆ ಎರೆಭೂಮಿಯ ಬಯಲು, ದಕ್ಷಿಣಕ್ಕೆ ಹಳಿಯಾಳದ ಕಾಡಿನ ಅಂಚು. ಮುಂಗಾರಿನ ಮೊದಲ ಮಳೆಗಳಿಗೆ ನೆನೆದ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡು ಕುದುರೆಯನ್ನು ಎಳೆದು ನಿಲ್ಲಿಸುವಂಥದ್ದು. ಅನಿರೀಕ್ಷಿತವಾಗಿ ಮೈಮೇಲೆ ಬಿದ್ದ ಸವಾರರನ್ನು ಎದುರಿಸಿ ಸಾಲುಗಟ್ಟಲು ಗೋಖಲೆಯ ಪಡೆಗೆ ಆಗಲಿಲ್ಲ. ಧೋಂಡೋಪಂತ ಅಲ್ಲಿಯೇ ಹತನಾದ. ಆತನ ಜೊತೆಗಿದ್ದ ಬಂಧುವೊಬ್ಬನೂ ಮಡಿದ. ತಮ್ಮನ ಮಗ ಬಾಪು ಗೋಖಲೆ ಗಾಯಗೊಂಡ. ಉಳಿದವರು ಚದುರಿ ಹಳಿಯಾಳದ ಕಡೆಗೆ ಓಡಿದರು. ಧೋಂಡಿಯ ತನ್ನ ಶಪಥದಂತೆ ಸತ್ತ ವೈರಿಯ ರಕ್ತದಲ್ಲಿ ಮೀಸೆ ಅದ್ದಿದನೆಂದು ಅಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆ ಕಥೆಯ ನಿಜ ಏನೇ ಇರಲಿ, ನಾಡು ಅದನ್ನು ನಂಬಿತು.

ಯುದ್ಧದ ದೃಷ್ಟಿಯಿಂದ ಇದು ಒಂದು ಹೊತ್ತಿನ ಕಾಳಗ. ಪರಿಣಾಮ ಮಾತ್ರ ದೊಡ್ಡದು. ಅಲ್ಲಿಯವರೆಗೆ ಮರಾಠಾ ಸರದಾರರಲ್ಲಿ ಅನೇಕರು ಇಂಗ್ಲಿಷರ ಈ ದಂಡಯಾತ್ರೆಯನ್ನು ಅರೆಮನಸ್ಸಿನಿಂದ ನೋಡುತ್ತಿದ್ದರು. ಪರಕೀಯ ಸೇನೆಯೊಂದು ತಮ್ಮ ಸೀಮೆಯಲ್ಲಿ ಓಡಾಡುವುದು ಯಾರಿಗೂ ಹಿತವಾಗಿರಲಿಲ್ಲ. ಗೋಖಲೆಯ ಸಾವು ಆ ಅರೆಮನಸ್ಸನ್ನು ಕೊನೆಗಾಣಿಸಿತು. ದೊಡ್ಡಪ್ಪನ ಪಡೆಯ ನಾಯಕತ್ವ ವಹಿಸಿಕೊಂಡ ಬಾಪು ಗೋಖಲೆ, ಗಾಯ ಮಾಯುವ ಮುನ್ನವೇ ಇಂಗ್ಲಿಷರ ಜೊತೆ ಧೋಂಡಿಯನ ಬೆನ್ನು ಹತ್ತಿದ. ಧೋಂಡಿಯ ಗೆದ್ದದ್ದು ಒಬ್ಬ ಗೋಖಲೆಯನ್ನು, ಎಬ್ಬಿಸಿದ್ದು ಇನ್ನೊಬ್ಬನನ್ನು.

ಮಲಪ್ರಭೆಯಲ್ಲಿ ಮುಳುಗಿದ ದಂಡು

ವರದೆಯ ನೀರು ಇಳಿದೊಡನೆ ವೆಲ್ಲೆಸ್ಲಿ ಮುನ್ನಡೆದ. ಜುಲೈ 12ರಂದು ಸವಣೂರು, 14ರಂದು ಕುಂದಗೋಳ. ಧೋಂಡಿಯನ ಕಡೆಯವರು ಮುತ್ತಿಗೆ ಹಾಕಿದ್ದ ಶಿರಹಟ್ಟಿ ಬಿಡುಗಡೆಗೊಂಡಿತು. 26ರಂದು ಡಂಬಳದ ಕೋಟೆ ಬಿದ್ದಿತು, ಮರುದಿನ ಗದಗ. ಒಂದೊಂದು ಕೋಟೆ ಕಳೆದಂತೆ ಧೋಂಡಿಯನಿಗೆ ದವಸದ ಕಣಜವೊಂದು ಕಳೆಯುತ್ತಿತ್ತು. ಸಾವಿರಾರು ಕುದುರೆಗಳ ದಂಡು ಒಂದೇ ಕಡೆ ನಾಲ್ಕು ದಿನ ನಿಂತರೆ ಸುತ್ತಣ ಹಳ್ಳಿಗಳಲ್ಲಿ ಮೇವು ಉಳಿಯುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಎತ್ತು, ಬೀಜದ ಜೋಳ ಕಳೆದುಕೊಂಡ ರೈತನಿಗೆ ಬಂದವನು ಉಭಯ ಲೋಕಾಧೀಶ್ವರನಾದರೇನು, ಕಂಪನಿಯ ಕರ್ನಲ್ ಆದರೇನು? ಎರಡೂ ದಂಡುಗಳು ನಡೆದ ಹಾದಿಯ ಹಳ್ಳಿಗಳು ಆ ವರ್ಷ ಪಟ್ಟ ಪಾಡನ್ನು ಯಾವ ಕಡೆಯ ಬಖೈರೂ ವಿವರವಾಗಿ ಬರೆದಿಡಲಿಲ್ಲ.

ಜುಲೈ 30, ಕಿತ್ತೂರಿನ ಕಾಳಗಕ್ಕೆ ಸರಿಯಾಗಿ ಒಂದು ತಿಂಗಳು. ಧೋಂಡಿಯನ ಸೇನೆಯ ದೊಡ್ಡದೊಂದು ಭಾಗ ಸಾಮಾನು ಸರಂಜಾಮು, ಹೆಂಗಸರು ಮಕ್ಕಳೊಂದಿಗೆ ಮಲಪ್ರಭೆಯ ದಂಡೆಯಲ್ಲಿ, ಮುನವಳ್ಳಿಯ ಎದುರಿಗೆ ಬೀಡುಬಿಟ್ಟಿತ್ತು. ನವಿಲುತೀರ್ಥದ ಅಣೆಕಟ್ಟೆಯನ್ನು ಕಂಡ ಇಂದಿನವರಿಗೆ ಅಂದಿನ ಮಳೆಗಾಲದ ಮಲಪ್ರಭೆಯ ರಭಸವನ್ನು ಊಹಿಸುವುದು ಕಷ್ಟ. ಬೆನ್ನಿಗೆ ತುಂಬಿದ ಹೊಳೆ, ದಾಟಲು ಸಾಕಷ್ಟು ಹರಿಗೋಲುಗಳಿಲ್ಲ. ತೋಪುಗಳು ಮಾತ್ರ ಆಚೆ ದಂಡೆಗೆ ಸೇರಿದ್ದವು. ಅಷ್ಟರಲ್ಲಿ ಸವದತ್ತಿಯ ಮಾರ್ಗವಾಗಿ ವೆಲ್ಲೆಸ್ಲಿಯ ಅಶ್ವದಳ ಮಧ್ಯಾಹ್ನದ ಹೊತ್ತಿಗೆ ಬೀಡಿನ ಮೇಲೆ ಎರಗಿತು.

ಅಲ್ಲಿ ನಡೆದುದನ್ನು ಕಾಳಗವೆನ್ನುವುದಕ್ಕಿಂತ ನೂಕುನುಗ್ಗಲಿನ ಸಾವು ಎನ್ನಬೇಕು. ಕತ್ತಿಗೆ ಬಲಿಯಾದವರಿಗಿಂತ ಹೊಳೆಗೆ ಬಿದ್ದವರೇ ಹೆಚ್ಚು. ಸಾವಿರಾರು ಜನ, ಲೆಕ್ಕವಿಲ್ಲದಷ್ಟು ಕುದುರೆ, ಎತ್ತು, ಒಂಟೆಗಳು ಪ್ರವಾಹದ ಪಾಲಾದವು. ಆಚೆ ದಂಡೆಯಿಂದ ಹಾರುತ್ತಿದ್ದ ತೋಪುಗಳು ಸುಮ್ಮನಾದ ಮೇಲೆ ಕೆಲವು ಸೈನಿಕರು ಈಜಿ ದಾಟಿ ದೋಣಿ ತಂದು ಅವುಗಳನ್ನೂ ವಶಪಡಿಸಿಕೊಂಡರು. ಧೋಂಡಿಯ ಮಾತ್ರ ಸಿಕ್ಕಲಿಲ್ಲ.

ಮುಂದಿನ ಆರು ವಾರ ಬೇಟೆಗಾರನಿಗೂ ಬೇಟೆಗೂ ನಡುವೆ ಓಟದ ಪೈಪೋಟಿ. ಧೋಂಡಿಯ ಮಲಪ್ರಭೆಯ ಉಗಮದ ಕಡೆಯ ಕಾಡುಗಳನ್ನು ಸುತ್ತಿ ನದಿಯ ಇನ್ನೊಂದು ಬದಿಗೆ ಸೇರಿಕೊಂಡ. ಮಲಪ್ರಭೆಗೂ ಘಟಪ್ರಭೆಗೂ ನಡುವಣ ಪಟ್ಟಿಯಲ್ಲಿ, ಇಂದಿನ ಬೈಲಹೊಂಗಲ, ಗೋಕಾಕ, ರಾಮದುರ್ಗಗಳ ಸೀಮೆಯಲ್ಲಿ ಆತನ ಸುಳಿದಾಟ. ವೆಲ್ಲೆಸ್ಲಿ ಕಿತ್ತೂರಿನಲ್ಲಿ ಬೀಡುಬಿಟ್ಟು, ದೋಣಿಗಳನ್ನು ಕಟ್ಟಿಸಿ, ಸ್ಟೀವನ್‌ಸನ್‌ನ ಪಡೆಯನ್ನು ನದಿಯಾಚೆ ಕಳುಹಿಸಿದ. ಬಾಪು ಗೋಖಲೆಯ ಮರಾಠರೂ ಮೈಸೂರಿನ ಸವಾರರೂ ಬೆನ್ನಟ್ಟಿದರು. ಧೋಂಡಿಯನ ಜೊತೆಗಾರರು ದಿನೇ ದಿನೇ ಕರಗತೊಡಗಿದರು. ಸೋಲು ಕಂಡ ಧಣಿಯ ಬಳಿ ಸಿಲ್ಲೇದಾರ ನಿಲ್ಲುವುದಿಲ್ಲ. ತನ್ನ ಕುದುರೆಯನ್ನು ಉಳಿಸಿಕೊಳ್ಳುವುದು ಆತನಿಗೆ ಮೊದಲ ಧರ್ಮ. ಧೋಂಡಿಯನನ್ನು ಎತ್ತರಕ್ಕೆ ಏರಿಸಿದ ನಿಯಮವೇ ಈಗ ಆತನನ್ನು ಕೆಳಗಿಳಿಸುತ್ತಿತ್ತು.

ಆಗಸ್ಟ್ ಕೊನೆಗೆ ಮಳೆ ಬಿಡುವು ಕೊಟ್ಟು ಮಲಪ್ರಭೆ ಇಳಿಯಿತು. 24ರಂದು ಬೂದಿಹಾಳದ ಬಳಿ ಹೊಳೆ ದಾಟಿದ ಧೋಂಡಿಯ ಪೂರ್ವಕ್ಕೆ, ನಿಜಾಮನ ಸೀಮೆಯತ್ತ ಹೊರಟ.

ಕೋಣಗಲ್‌ನ ಬೆಳಗು

ವೆಲ್ಲೆಸ್ಲಿ ಕಾಲಾಳುಗಳನ್ನು ಹಿಂದೆ ಬಿಟ್ಟು ಕುದುರೆಗಳೊಂದಿಗೆ ಮುಂದೆ ಸಾಗಿದ. ಹನುಮಸಾಗರ, ಕನಕಗಿರಿ, ನವಲಿ ದಾಟಿ ಸೆಪ್ಟೆಂಬರ್ 9ರಂದು ರಾಯಚೂರು ಸೀಮೆ ಸೇರಿದ. ಅದೇ ದಿನ ಧೋಂಡಿಯ ಕೃಷ್ಣೆಯ ಕಡೆಗೆ ಹೊರಟವನು ಎದುರಿಗೆ ಸ್ಟೀವನ್‌ಸನ್‌ನ ಬೀಡನ್ನು ಕಂಡು ಹಿಂತಿರುಗಿದ್ದ. ಒಂದು ಸೇನೆಯಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಒಂಬತ್ತು ಮೈಲಿಯ ಅಂತರದಲ್ಲಿ ತಂಗಿದ್ದೇನೆಂಬ ಅರಿವು ಆತನಿಗೆ ಇರಲಿಲ್ಲ. ದಣಿದ ಕುದುರೆಗಳಿಗೆ ಆ ರಾತ್ರಿ ವಿಶ್ರಾಂತಿ ಕೊಟ್ಟ ವೆಲ್ಲೆಸ್ಲಿ ಬೆಳಗಾಗುತ್ತಲೇ ಹೊರಟ.

ಸೆಪ್ಟೆಂಬರ್ 10ರ ಬೆಳಿಗ್ಗೆ ಎರಡೂ ದಂಡುಗಳು ಕೋಣಗಲ್‌ನ ಬಳಿ ಮುಖಾಮುಖಿಯಾದವು. ಧೋಂಡಿಯನ ಬಳಿ ಆಗ ಉಳಿದಿದ್ದುದು ಸುಮಾರು ಐದು ಸಾವಿರ ಸವಾರರು. ಓಡಲು ದಾರಿ ಕಾಣದೆ, ಊರನ್ನೂ ಬಂಡೆಗಳ ಗುಡ್ಡವನ್ನೂ ಒತ್ತಾಸೆಗಿಟ್ಟುಕೊಂಡು ಆತ ಸಾಲುಗಟ್ಟಿ ನಿಂತ. ಎದುರಿಗೆ ನಾಲ್ಕು ಅಶ್ವದಳಗಳು: 19 ಮತ್ತು 25ನೆಯ ಡ್ರಾಗೂನ್‌ಗಳು, ಮದರಾಸಿನ 1 ಮತ್ತು 2ನೆಯ ದೇಶೀ ಅಶ್ವದಳಗಳು. ಧೋಂಡಿಯನ ಸಾಲು ಉದ್ದವಾಗಿದ್ದುದರಿಂದ ವೆಲ್ಲೆಸ್ಲಿ ಹಿಂದೆ ಯಾವ ಕಾಪುಪಡೆಯನ್ನೂ ಉಳಿಸಿಕೊಳ್ಳದೆ ನಾಲ್ಕೂ ದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದ.

ಬಿಡಿಬಿಡಿಯಾಗಿ ಹೋರಾಡುವುದರಲ್ಲಿ ಧೋಂಡಿಯನ ಸವಾರರಿಗೆ ಸರಿಗಟ್ಟುವವರು ವಿರಳ. ಆದರೆ ಮಂಡಿಗೆ ಮಂಡಿ ತಾಗಿಸಿ, ಗೋಡೆಯಂತೆ ಒಟ್ಟಾಗಿ ನುಗ್ಗಿ ಬರುವ ಶಿಸ್ತಿನ ಕುದುರೆಸಾಲನ್ನು ನಿಂತು ತಡೆಯುವ ಅಭ್ಯಾಸ ಅವರಿಗಿರಲಿಲ್ಲ. ಕೆಲಹೊತ್ತು ಧೈರ್ಯದಿಂದ ನಿಂತರು, ಬಳಿಕ ಸಾಲು ಒಡೆಯಿತು. ಆ ಗದ್ದಲದಲ್ಲಿ ಧೋಂಡಿಯ ಬಿದ್ದ. ಹೆಣವನ್ನು ಗುರುತಿಸಿ ಡ್ರಾಗೂನ್‌ಗಳ ತೋಪಿನ ಗಾಡಿಗೆ ಕಟ್ಟಿ ಇಂಗ್ಲಿಷರ ಬೀಡಿಗೆ ತಂದರು. ನೇಣುಗಂಬಕ್ಕೆ ಗುರಿಯಾದವನು ಕುದುರೆಯ ಮೇಲೆಯೇ ಸತ್ತಿದ್ದ. ಅಷ್ಟರಮಟ್ಟಿಗೆ ಮದರಾಸಿನ ಆಜ್ಞೆ ಈಡೇರದೆ ಉಳಿಯಿತು.

ಉಳಿದವರು

ಸೋತ ದಂಡಿನ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕಿದ. ಧೋಂಡಿಯನ ಮಗ, ಹೆಸರು ಸಲಾಬತ್ ಖಾನ್. ಸೈನಿಕರು ಆತನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ಮಗುವನ್ನು ತನ್ನ ಬಳಿಯೇ ಇರಿಸಿಕೊಂಡ ವೆಲ್ಲೆಸ್ಲಿ, 1805ರಲ್ಲಿ ಭಾರತ ಬಿಡುವಾಗ ಆತನ ಪಾಲನೆಗೆಂದು ಹಣವನ್ನು ಶ್ರೀರಂಗಪಟ್ಟಣದ ಅಧಿಕಾರಿಗಳಲ್ಲಿ ಇಟ್ಟುಹೋದ. ತಂದೆಯನ್ನು ಕೊಂದವನ ಹಣದಿಂದ ಬೆಳೆದ ಆ ಹುಡುಗ ಮುಂದೆ ಮೈಸೂರು ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ಬೇನೆಗೆ ತುತ್ತಾದ. ತಂದೆ ಸರಪಳಿಯಲ್ಲಿ ಕಳೆದ ಊರೇ ಮಗನಿಗೆ ಮನೆಯಾದದ್ದು ವಿಧಿಯ ವಿಚಿತ್ರ.

ವೆಲ್ಲೆಸ್ಲಿಗೆ ಇದು ಸ್ವತಂತ್ರವಾಗಿ ನಡೆಸಿದ ಮೊದಲ ದಂಡಯಾತ್ರೆ. ತುಂಬಿದ ಹೊಳೆಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು, ಲಂಬಾಣಿಗಳ ಎತ್ತುಗಳ ಮೇಲೆ ಸೇನೆಯ ಹೊಟ್ಟೆಯನ್ನು ಸಾಗಿಸುವುದು, ಹಗುರಾದ ಪಡೆಗಳಿಂದ ಬಿಡದೆ ಬೆನ್ನಟ್ಟುವುದು, ಇವನ್ನೆಲ್ಲ ಆತ ಕಲಿತದ್ದು ವರದಾ, ಮಲಪ್ರಭೆಗಳ ದಂಡೆಯಲ್ಲಿ. 1803ರಲ್ಲಿ ಅಸ್ಸಾಯೆಯಲ್ಲಿ ಮರಾಠರ ಮೇಲೆ ಈ ಪಾಠವನ್ನು ಪ್ರಯೋಗಿಸಿದ. 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಈತನೇ.

ಬಾಪು ಗೋಖಲೆಯ ಕಥೆ ಇನ್ನೊಂದು ಬಗೆಯದು. ಇಂಗ್ಲಿಷರ ಜೊತೆ ಸೇರಿ ದೊಡ್ಡಪ್ಪನ ಸಾವಿನ ಸೇಡು ತೀರಿಸಿಕೊಂಡ ಆತ ಮುಂದೆ ಪೇಶ್ವೆಯ ಸೇನಾಪತಿಯಾದ. 1817ರ ನವೆಂಬರ್ 5ರಂದು ಪುಣೆಯ ಬಳಿಯ ಖಡಕಿಯಲ್ಲಿ ಕೊನೆಯ ಮರಾಠಾ ಯುದ್ಧ ಹೊತ್ತಿಕೊಂಡಾಗ ಅದೇ ಇಂಗ್ಲಿಷರ ಮೇಲೆ ಮರಾಠಾ ಅಶ್ವದಳವನ್ನು ನುಗ್ಗಿಸಿದ. 1818ರ ಫೆಬ್ರುವರಿ 20ರಂದು ಅಷ್ಟಿಯಲ್ಲಿ, ಬೆನ್ನಟ್ಟಿ ಬಂದ ಇಂಗ್ಲಿಷ್ ಕುದುರೆಗಳನ್ನು ತಡೆಯುತ್ತ ಕತ್ತಿ ಹಿಡಿದೇ ಮಡಿದ. ಹದಿನೇಳು ವರ್ಷಗಳ ಹಿಂದೆ ಕೋಣಗಲ್‌ನಲ್ಲಿ ಧೋಂಡಿಯನಿಗೆ ಬಂದ ಸಾವೇ ಅಲ್ಲಿ ಆತನಿಗೂ ಬಂದಿತು. ಪೇಶ್ವೆಯ ರಾಜ್ಯ ಆ ವರ್ಷವೇ ಮುಗಿಯಿತು. ಬೆಳಗಾವಿ, ಧಾರವಾಡಗಳ ಸೀಮೆ ಕಂಪನಿಯ ಆಡಳಿತಕ್ಕೆ ಸೇರಿತು. ಮತ್ತೆ ಆರು ವರ್ಷಕ್ಕೆ ಕಿತ್ತೂರಿನ ಸರದಿ.

ಧೋಂಡಿಯ ವಾಘ್‌ನನ್ನು ಇಂಗ್ಲಿಷ್ ಇತಿಹಾಸಕಾರರು ಲೂಟಿಕೋರನೆಂದರು. ನಮ್ಮ ಕಾಲದ ಇತಿಹಾಸಕಾರರಲ್ಲಿ ಅನೇಕರು ಆತನನ್ನು ಕರ್ನಾಟಕದ ಆರಂಭಿಕ ಬ್ರಿಟಿಷ್ ವಿರೋಧಿ ಬಂಡಾಯಗಾರರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಎರಡಕ್ಕೂ ಆಧಾರಗಳಿವೆ. ಆತ ಲೂಟಿ ಮಾಡಿದ್ದು ನಿಜ. ಅಂದು ಲೂಟಿ ಮಾಡದ ಸೇನೆ ಇರಲಿಲ್ಲವೆಂಬುದೂ ನಿಜ. ಟಿಪ್ಪುವಿನ ಪತನದ ಮರುವರ್ಷವೇ, ದೊರೆಗಳೂ ನವಾಬರೂ ಕಂಪನಿಗೆ ತಲೆಬಾಗಿದ್ದಾಗ, ಯಾವ ಸಿಂಹಾಸನವೂ ಇಲ್ಲದ ಚನ್ನಗಿರಿಯ ಸವಾರನೊಬ್ಬ ಅದರ ಸೇನೆಯನ್ನು ಒಂದು ಮಳೆಗಾಲವಿಡೀ ಓಡಾಡಿಸಿದ್ದೂ ನಿಜ. ಆತನ ಹಿಂದೆ ಹೊರಟವರು ನಾಡಿಗಾಗಿ ಹೋರಾಡುತ್ತೇವೆಂದು ಹೊರಟವರಲ್ಲ. ರಾಜ್ಯವೊಂದು ಅಳಿದಾಗ ಬೀದಿಗೆ ಬಿದ್ದ ಸಾವಿರಾರು ಸವಾರರಿಗೆ ಹೊಸ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ. ಅವರಿಗೆ ಜಾಗ ಕೊಟ್ಟ ಕೊನೆಯ ಧಣಿ ಧೋಂಡಿಯ. ಕೋಣಗಲ್‌ನ ಬಯಲಿನಲ್ಲಿ ಆತನೊಂದಿಗೆ ಬಿದ್ದ ಆ ಸವಾರರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.